ಕಡಲಿಲ್ಲದ ಊರಿನಲ್ಲಿ ಹವಳ

(ಬಾನುಲಿ ಭಾಷಣ)

ಹವಳವೆಂದರೆ ನಮ್ಮ ಬಯಲುಸೀಮೆಯ ಜನಕ್ಕೆ ಉಂಗುರದಲ್ಲಿ ಕೂರಿಸುವ ಕೆಂಪು ಹರಳು, ನವರತ್ನಗಳಲ್ಲಿ ಒಂದು. ಕಾವ್ಯವನ್ನು ಓದಿದವರಿಗೆ ಅದು ನಾಯಿಕೆಯ ತುಟಿಗೆ ಸಲ್ಲುವ ಹೋಲಿಕೆ. ಅದು ಒಂದು ಪ್ರಾಣಿ, ಅದಕ್ಕೂ ಬಾಯಿಯಿದೆ, ಹಸಿವಿದೆ ಎಂಬ ಸಂಗತಿ ನಮ್ಮ ನೆನಪಿಗೆ ಬರುವುದು ಅಪರೂಪ. ಈಚಿನ ವರ್ಷಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ಹವಳದ ದಿಬ್ಬವನ್ನೇ ಬೆಳೆಸುವ ಹವ್ಯಾಸ ಬೆಂಗಳೂರಿನ ಸುತ್ತಮುತ್ತಲೂ ಕಾಣಿಸಿಕೊಂಡಿದೆ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ನೆಲ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು 300 ಕಿಲೋಮೀಟರಿನ ಆಸುಪಾಸು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಇಂಥ ಊರಿನ ಒಂದು ನಡುಮನೆಯಲ್ಲಿ ಕಡಲನ್ನು ತಂದಿರಿಸಲು ಸಾಧ್ಯವೇ? ಸಾಧ್ಯ. ಆದರೆ ಅದಕ್ಕೆ ಬೇಕಾದ ತಿಳಿವಳಿಕೆಯ ಬಹುಪಾಲು, ನಮ್ಮ ಹಿರಿಯರು ಕೆರೆಯ ಏರಿಯ ಮೇಲೆ ನಿಂತು ಕಲಿತದ್ದೇ ಆಗಿದೆ.

ಮೊದಲು ಪ್ರಾಣಿಯ ಪರಿಚಯ. ಉಂಗುರದ ಕೆಂಪು ಹವಳದ ಜಾತಿ ಬೇರೆ. ದಿಬ್ಬ ಕಟ್ಟುವ ಹವಳದ ಜಾತಿ ಬೇರೆ. ಈ ಎರಡನೆಯದು ಪಾಲಿಪ್ ಎಂಬ ಪುಟ್ಟ ಜೀವಿಗಳ ಒಕ್ಕಲು. ಪ್ರತಿಯೊಂದು ಪಾಲಿಪ್ಪೂ ನೀರಿನಲ್ಲಿ ಕರಗಿದ ಸುಣ್ಣದ ಅಂಶವನ್ನು ಹೀರಿಕೊಂಡು ತನ್ನ ಕೆಳಗೆ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯ ಜೀವಕೋಶಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಏಕಕೋಶದ ಪಾಚಿ ವಾಸವಾಗಿರುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಆಶ್ರಯವನ್ನೂ ತನ್ನ ತ್ಯಾಜ್ಯವನ್ನು ಗೊಬ್ಬರವಾಗಿಯೂ ಕೊಡುತ್ತದೆ. ಹೀಗೆ ಒಳಗಿನ ಪಾಚಿಯಿಂದ ಬದುಕುವ ಹವಳ, ಹೊರಗಿನ ಪಾಚಿ ಮೈಮೇಲೆ ಹಬ್ಬಿದರೆ ಉಸಿರುಗಟ್ಟಿ ಸಾಯುತ್ತದೆ. ತೊಟ್ಟಿಯನ್ನು ಸಾಕುವವನ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಕಡಲಿನ ಜೀವಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಬಹುಕಾಲ ಆಗದ ಮಾತೆಂದೇ ಜನ ತಿಳಿದಿದ್ದರು. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ ತನ್ನ ಸರಳ ವಿಧಾನವನ್ನು ಪ್ರಕಟಿಸಿದ. ಕಡಲಿನಿಂದ ತಂದ, ಜೀವಾಣುಗಳಿಂದ ತುಂಬಿದ ರಂಧ್ರಮಯ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನು ಮೆಲ್ಲನೆ ಹಾಯಿಸುವುದು; ಇಷ್ಟೇ. ಮೀನಿನ ಮಲದಿಂದ ಹುಟ್ಟುವ ಅಮೋನಿಯ ಒಂದು ಬಗೆಯ ವಿಷ. ಕಲ್ಲಿನ ಮೇಲಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟನ್ನಾಗಿಯೂ ಅನಂತರ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕಾರು ವಾರ ಹಿಡಿಯುತ್ತದೆ. ಅಷ್ಟು ಕಾಲ ತಾಳ್ಮೆಯಿಲ್ಲದವನು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಇನ್ನು ನೀರು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆಯ ಉಪ್ಪು ಕದಡಿದರೆ ಕಡಲಾಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದುವುಗಳೂ ಸೇರಿದ ಸಿದ್ಧ ಮಿಶ್ರಣ ಬೇಕು. ಅದನ್ನು ಕದಡುವ ನೀರಿನದು ಇನ್ನೊಂದು ಚಿಂತೆ. ಬೆಂಗಳೂರು ಗ್ರಾಮಾಂತರದ ಹಲವೆಡೆ ಕೊಳವೆಬಾವಿಯ ನೀರು ಗಡಸು. ಜೊತೆಗೆ ನೈಟ್ರೇಟಿನ ಅಂಶವೂ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟು ಸಲ್ಲುತ್ತದೆ. ಹವಳದ ತೊಟ್ಟಿಗೆ ಹತ್ತು ಮಿಲಿಗ್ರಾಂ ದಾಟದಿರುವುದು ಒಳ್ಳೆಯದು. ಆದ್ದರಿಂದ ಆರ್.ಒ. ಯಂತ್ರದಲ್ಲಿ ಶೋಧಿಸಿದ ನೀರನ್ನೇ ಬಳಸಬೇಕಾಗುತ್ತದೆ. ಬೇಸಿಗೆಯಲ್ಲಿ ನೀರು ಬತ್ತುತ್ತದೆ, ಉಪ್ಪು ಬತ್ತುವುದಿಲ್ಲ. ಸಾರು ಕುದಿಕುದಿದು ಉಪ್ಪೇರಿದರೆ ಗೃಹಿಣಿ ಬಿಸಿನೀರು ಬೆರೆಸುತ್ತಾಳೆಯೇ ಹೊರತು ಮತ್ತೆ ಉಪ್ಪು ಹಾಕುವುದಿಲ್ಲ. ಇಲ್ಲಿಯೂ ಬತ್ತಿದ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು. ವಿದ್ಯುತ್ತು ಹೋದಾಗ ಗಾಳಿಯಾಡಿಸಲು ಬ್ಯಾಟರಿಯ ಪಂಪೊಂದನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಪಾಚಿ ಬಂದೇ ಬರುತ್ತದೆ. ಮೊದಲು ಕಂದು ಧೂಳಿನಂಥ ಪಾಚಿ, ಅನಂತರ ಕೂದಲಿನಂತೆ ನೀಳವಾದ ಹಸುರು. ಹೊಸಬ ಗಾಬರಿಯಾಗಿ ಔಷಧಿಗೆ ಓಡುತ್ತಾನೆ. ಔಷಧಿಯಿಂದ ಪಾಚಿ ಸತ್ತೀತು; ಆದರೆ ಸತ್ತ ಪಾಚಿ ನೀರಿನಲ್ಲಿಯೇ ಕೊಳೆತು, ಆಮ್ಲಜನಕವನ್ನು ಕಬಳಿಸಿ, ತಾನು ಹೀರಿದ್ದ ಗೊಬ್ಬರವನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಕೆಲವು ದಿನಗಳಲ್ಲಿ ಹೊಸ ಪಾಚಿ ತಲೆಯೆತ್ತುತ್ತದೆ. ಪಾಚಿ ರೋಗವಲ್ಲ, ಲೆಕ್ಕದ ಪುಸ್ತಕ. ನಾವು ಹಾಕಿದ್ದೆಷ್ಟು, ಹೊರತೆಗೆದದ್ದೆಷ್ಟು ಎಂಬುದನ್ನು ಅದು ಗಾಜಿನ ಮೇಲೆ ಬರೆದು ತೋರಿಸುತ್ತದೆ.

ಕಡಲಿನಲ್ಲಿ ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಕೆರಿಬಿಯನ್ ಸಮುದ್ರವೇ ಸಾಕ್ಷಿ. ಅಲ್ಲಿ ಸೀ ಅರ್ಚಿನ್ ಎಂಬ, ಮೈಯೆಲ್ಲ ನೀಳ ಮುಳ್ಳುಗಳ ಕರಿಯ ಉಂಡೆಯಂಥ ಪ್ರಾಣಿ ಹವಳದ ದಿಬ್ಬಗಳ ಮೇಲೆ ಪಾಚಿಯನ್ನು ಮೇಯುತ್ತಿತ್ತು. ಪಾಚಿ ತಿನ್ನುವ ಮೀನುಗಳನ್ನು ಮನುಷ್ಯರು ಆಗಲೇ ಹಿಡಿದು ಮುಗಿಸಿದ್ದರು. 1983ರಲ್ಲಿ ಪನಾಮದ ಬಳಿ ಕಾಣಿಸಿಕೊಂಡ ರೋಗವೊಂದು ಸುಮಾರು ಒಂದು ವರ್ಷದೊಳಗೆ ಆ ಅರ್ಚಿನ್ನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. ಜಮೈಕದ ದಿಬ್ಬಗಳು 1980ರ ಬಿರುಗಾಳಿಯಿಂದ ಮೊದಲೇ ಜರ್ಜರಿತವಾಗಿದ್ದವು. ಅಲ್ಲಿ 1970ರ ದಶಕದ ಕೊನೆಯಲ್ಲಿ ನೂರಕ್ಕೆ ಐವತ್ತರಷ್ಟು ಹಾಸನ್ನು ಆವರಿಸಿದ್ದ ಜೀವಂತ ಹವಳ, 1990ರ ದಶಕದ ಆರಂಭಕ್ಕೆ ಐದಕ್ಕೂ ಕೆಳಗಿಳಿಯಿತು. ಉಳಿದ ಜಾಗವನ್ನು ಬಹುಮಟ್ಟಿಗೆ ಪಾಚಿ ಆಕ್ರಮಿಸಿತು. ಮೇಯುವ ಬಾಯಿಗಳಿಲ್ಲದ ಕಡಲು ಹೇಗಾಯಿತೆಂಬುದನ್ನು ನೆನೆದರೆ, ತೊಟ್ಟಿಯಲ್ಲಿ ನಾಲ್ಕು ಶಂಖದ ಹುಳುಗಳನ್ನು ಬಿಡುವ ಅರ್ಥ ತಿಳಿಯುತ್ತದೆ.

ಉಪಾಯಗಳು ಬಹಳವಿಲ್ಲ. ಮೀನು ಕಡಮೆಯಿರಲಿ, ತಿನ್ನುವಷ್ಟೇ ಆಹಾರ ಹಾಕಿ, ಬೆಳಕು ದಿನಕ್ಕೆ ಎಂಟು-ಹತ್ತು ಗಂಟೆ ಸಾಕು, ಕಿಟಕಿಯ ಬಿಸಿಲು ಬೀಳದಿರಲಿ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು ಬದಲಾಯಿಸಿ, ಪಾಚಿಯನ್ನು ಕೈಯಿಂದಲೇ ಕಿತ್ತು ಹೊರಗೆಸೆಯಿರಿ. ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ನೀರನ್ನು ಗಾಳಿಯೊಡನೆ ಕಡೆದು ಕೊಳೆಯನ್ನು ನೊರೆಯಾಗಿ ಮೇಲೆತ್ತುತ್ತದೆ. ಇಲ್ಲಿನ ಸಮುದ್ರಮಥನದಲ್ಲಿ ಹಾಲಾಹಲವಷ್ಟೇ ಹೊರಬರುವುದು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿಯವರದು ಇನ್ನೂ ಸ್ವಾರಸ್ಯದ ಉಪಾಯ. ಬೇರೊಂದು ತಟ್ಟೆಯಲ್ಲಿ ಪ್ರಖರ ಬೆಳಕಿನ ಕೆಳಗೆ ಪಾಚಿಯನ್ನು ಬೇಕೆಂದೇ ಬೆಳೆಸಿ, ತೊಟ್ಟಿಯ ನೀರನ್ನು ಅದರ ಮೇಲೆ ಹರಿಸಿ, ಆಗಾಗ ಆ ಬೆಳೆಯನ್ನು ಕೊಯ್ದುಬಿಡುವುದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ! ಆದರೆ ಗೊಬ್ಬರದ ಅಂಶವನ್ನು ಸೊನ್ನೆಗಿಳಿಸುವ ಹಟವೂ ಸಲ್ಲದು. ಹಾಗಾದರೆ ಹವಳದೊಳಗಿನ ಪಾಚಿಯೂ ಉಪವಾಸ ಬೀಳುತ್ತದೆ.

ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾನೂನು ದಿಬ್ಬ ಕಟ್ಟುವ ಹವಳಗಳನ್ನು ಹುಲಿ ಆನೆಗಳಿರುವ ಮೊದಲನೆಯ ಅನುಸೂಚಿಯಲ್ಲಿಯೇ ಸೇರಿಸಿದೆ. ನಮ್ಮ ಕಡಲಿನಿಂದ ಅವನ್ನು ಮುರಿದು ತರುವುದೂ ಮಾರುವುದೂ ಕೊಳ್ಳುವುದೂ ಅಪರಾಧ. ವಿದೇಶದ ಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡುಗಳಿವೆ. ಅಂಗಡಿಯವನ ಬಾಯಿಮಾತನ್ನು ನಂಬದೆ, ಅರಣ್ಯ ಇಲಾಖೆಯನ್ನು ಮೊದಲು ವಿಚಾರಿಸುವುದು ಯುಕ್ತ. ಹವಳವಿಲ್ಲದೆಯೂ ಮನುಷ್ಯನಿರ್ಮಿತ ಕಲ್ಲು, ಒಂದೆರಡು ಮೀನು, ಕಲ್ಲಿಗೆ ಹತ್ತುವ ಗುಲಾಬಿ ಬಣ್ಣದ ಸುಣ್ಣಪಾಚಿ, ಇಷ್ಟರಿಂದಲೇ ಸೊಗಸಾದ ತೊಟ್ಟಿಯಾಗುತ್ತದೆ. ಕಲಿಯುವ ಪಾಠವೂ ಅದೇ. ಹವಳವನ್ನೇ ನೋಡಬೇಕೆಂಬ ಆಸೆಯಿದ್ದವರಿಗೆ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ನಮ್ಮ ನಾಡಿನದೇ ಹವಳಗಳಿವೆ.

ನೀರು ಅತಿಯಾಗಿ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998, 2010, 2016, 2024, ಹೀಗೆ ಮತ್ತೆ ಮತ್ತೆ ಲಕ್ಷದ್ವೀಪದ ದಿಬ್ಬಗಳು ಬಿಳಿಚಿದುವು. ತೊಟ್ಟಿಯ ಬಿಸಿಯನ್ನು 26 ಡಿಗ್ರಿಯಲ್ಲಿ ನಿಲ್ಲಿಸಲು ಹೆಣಗಿದವನಿಗೆ ಆ ಸುದ್ದಿ ದೂರದ್ದೆನಿಸುವುದಿಲ್ಲ. ಹತ್ತಿರದ ಕೆರೆಯೂ ಅವನಿಗೆ ಬೇರೆಯಾಗಿ ಕಾಣಿಸುತ್ತದೆ. ಕೊಳೆನೀರು, ಸಾಬೂನು, ಹೊಲದ ಗೊಬ್ಬರ ಸೇರಿದ ಕೆರೆಯಲ್ಲಿ ಪಾಚಿಯೂ ಅಂತರಗಂಗೆಯೂ ಹಬ್ಬುತ್ತವೆ. ಎಷ್ಟು ಕಿತ್ತರೂ ಮರಳಿ ಬರುತ್ತವೆ. ತೂಬಿನತ್ತ ನೋಡುವ ಮೊದಲು ಕಾಲುವೆಯತ್ತ ನೋಡಬೇಕು. ಏನು ಹೊರಹೋಗುತ್ತಿದೆ ಎನ್ನುವುದಕ್ಕಿಂತ ಏನು ಒಳಬರುತ್ತಿದೆ ಎಂಬುದನ್ನು ವಿಚಾರಿಸಬೇಕು. ನಡುಮನೆಯ ಇನ್ನೂರು ಲೀಟರಿನ ತೊಟ್ಟಿಯಿಂದ ಇಷ್ಟನ್ನು ಕಲಿತವನು ಊರ ಕೆರೆಗೆ ಕೊಳೆ ಹರಿಯುವುದನ್ನು ಕಂಡೂ ಸುಮ್ಮನಿರಲಾರ.