ಪರದೇಶದ ಬಾಡಿಗೆ ಮನೆಯಲ್ಲಿ ಪೂಲ್ ಟೇಬಲ್‌ಗೆ ಜಾಗವಿದೆಯೇ?

ಗಲ್ಫ್‌ನಲ್ಲಿ ಸಂಸಾರ ಹೂಡಿದ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗ ಹದಿಹರೆಯದ ಮಕ್ಕಳಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗಿ ದುಬೈ, ಶಾರ್ಜಾಗಳಲ್ಲಿ ನೆಲೆಸಿದ ತಾಯಂದಿರನ್ನು ಕೇಳಿ ನೋಡಿ. ಮಕ್ಕಳು ಚಿಕ್ಕವರಿದ್ದಾಗ ಒಂದು ಹಾಲ್, ಒಂದು ಬೆಡ್‌ರೂಮ್ ಸಾಕಾಗುತ್ತಿತ್ತು. ಈಗ ಹದಿನಾಲ್ಕರ ಹುಡುಗ ಸಂಜೆಯಾಗುತ್ತಲೇ ಚಪ್ಪಲಿ ಮೆಟ್ಟಿ ಹೊರಟು ನಿಲ್ಲುತ್ತಾನೆ. ಬೇಸಿಗೆಯ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರದು. ಮನೆಯ ಮುಂದೆ ಅಂಗಳವಿಲ್ಲ, ಹತ್ತಿರದಲ್ಲಿ ಗದ್ದೆಯಿಲ್ಲ. ಅವನು ಹೋಗುವುದು ಮಾಲ್‌ಗೆ, ಇಲ್ಲವೇ ಪೂಲ್ ಆಡಿಸುವ ಕ್ಲಬ್‌ಗೆ. ಅಲ್ಲಿ ಜೊತೆಗೆ ಯಾರಿರುತ್ತಾರೆ, ಹೊಗೆ ಎಷ್ಟಿರುತ್ತದೆ, ಮಗ್ರಿಬ್ ನಮಾಝ್ ಎಲ್ಲಿ ಆಯಿತು ಎಂದು ತಾಯಿ ಚಿಂತಿಸುತ್ತಾಳೆ. ಒಂದು ದಿನ ಊಟದ ಹೊತ್ತಿಗೆ ಮಾತು ಬರುತ್ತದೆ, ‘ಮುಂದಿನ ಮನೆ ಹಿಡಿಯುವಾಗ ಒಂದು ಪೂಲ್ ಟೇಬಲ್ ಇಡುವಷ್ಟು ಜಾಗ ಇರುವಂಥದ್ದೇ ನೋಡೋಣ.’

ಪೂಲ್ ಎಂದ ಕೂಡಲೇ ಈಜುಕೊಳ ಎಂದುಕೊಳ್ಳಬೇಡಿ. ಮನೆ ತೋರಿಸುವ ಏಜೆಂಟರೂ ಒಮ್ಮೊಮ್ಮೆ ಹಾಗೆಯೇ ತಿಳಿದು ಈಜುಕೊಳ ಕಾಣುವ ಬಾಲ್ಕನಿ ತೋರಿಸುತ್ತಾರೆ! ಇದು ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಆಟ. ಆರು ಗುಳಿ, 15 ಬಣ್ಣದ ಚೆಂಡು, ಒಂದು ಬಿಳಿ ಚೆಂಡು. ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಪ್ರಶಸ್ತಿಗಳನ್ನು ಗೆದ್ದ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಇದರ ಹತ್ತಿರದ ಸಂಬಂಧಿಗಳು. ನಮ್ಮ ಮನೆಗಳ ಕೇರಂ ಆಟದ ದೊಡ್ಡಣ್ಣನೆಂದರೂ ಸರಿಯೇ.

ಆಟದಲ್ಲಿ ತಪ್ಪೇನಿದೆ ಎಂದು ಕೇಳುವವರಿದ್ದಾರೆ, ಇದೆಲ್ಲ ಯಾಕೆ ಎಂದು ಗೊಣಗುವ ಹಿರಿಯರೂ ಇದ್ದಾರೆ. ಸೂರಃ ಅಲ್ ಮಾಇದದ 90 ಮತ್ತು 91ನೇ ಸೂಕ್ತಗಳು ಮದ್ಯದ ಜೊತೆಗೆ ಜೂಜನ್ನೂ ನಿಷೇಧಿಸುತ್ತವೆ. ಅವು ಪರಸ್ಪರ ದ್ವೇಷ ಹುಟ್ಟಿಸುತ್ತವೆ, ನಮಾಝ್‌ನಿಂದ ತಡೆಯುತ್ತವೆ ಎಂಬ ಕಾರಣವನ್ನೂ ಅಲ್ಲಿಯೇ ಹೇಳಲಾಗಿದೆ. ಕ್ಲಬ್‌ನ ಮೇಜಿನ ಸುತ್ತ ‘ಸೋತವನು ಬಿಲ್ ಕೊಡಬೇಕು’ ಎಂಬ ಮಾತು ಸುಲಭವಾಗಿ ನುಸುಳುತ್ತದೆ. ಮನೆಯ ಮೇಜಿನಲ್ಲಿ ಆ ಮಾತಿಗೆ ಅವಕಾಶವಿಲ್ಲ. ಅಝಾನ್ ಆದಾಗ ಕೋಲು ಕೆಳಗಿಡಿ ಎನ್ನಲು ತಾಯಿಯೂ ಇದ್ದಾಳೆ. ಆದ್ದರಿಂದ ಆಸೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲಿ ನೀವು ಕೊಳ್ಳುವುದು ಮೇಜನ್ನು ಮಾತ್ರವಲ್ಲ. ಅದು ನಿಲ್ಲುವ ನೆಲಕ್ಕೆ ವರ್ಷ ವರ್ಷವೂ ಬಾಡಿಗೆ ಕಟ್ಟುತ್ತೀರಿ. ಆ ಲೆಕ್ಕವನ್ನು ಚೆಕ್‌ಗೆ ಸಹಿ ಹಾಕುವ ಮೊದಲು ಮಾಡಬೇಕು. ಮಾಡಬೇಕಾದವರಲ್ಲಿ ಮೊದಲಿಗರು ನೀವು, ಏಕೆಂದರೆ ಆ ಮನೆಯಲ್ಲಿ ಇಡೀ ದಿನ ಕಳೆಯುವವರು ನೀವೇ.

ಅಳತೆಯ ಪಟ್ಟಿ ಕೈಯಲ್ಲಿರಲಿ

ಎಂಟು ಅಡಿಯ ಮೇಜು ಎಂದರೆ ಎಂಟು ಅಡಿ ಜಾಗ ಸಾಕು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಆಟದ ಕೋಲು, ಅಂದರೆ ಕ್ಯೂ, ಸಾಮಾನ್ಯವಾಗಿ 58 ಇಂಚು ಉದ್ದ. ಮೇಜಿನ ನಾಲ್ಕೂ ಕಡೆಯಿಂದ ಆ ಕೋಲನ್ನು ಹಿಂದಕ್ಕೆ ಎಳೆಯಲು ಜಾಗ ಬೇಕು. ಎಂಟು ಅಡಿ ಮೇಜಿನ ಆಡುವ ಭಾಗ 88 ಇಂಚು ಉದ್ದ, 44 ಇಂಚು ಅಗಲ. ಎರಡೂ ಕಡೆ ಕೋಲಿನ ಉದ್ದ ಕೂಡಿಸಿದರೆ ಕೋಣೆ 17 ಅಡಿ ಉದ್ದ, 13 ಅಡಿ 4 ಇಂಚು ಅಗಲ ಇರಬೇಕಾಗುತ್ತದೆ. ಏಳು ಅಡಿಯ ಮೇಜಿಗೂ ಸುಮಾರು 16 ಅಡಿ, 13 ಅಡಿ ಬೇಕು. 48 ಇಂಚಿನ ಗಿಡ್ಡ ಕೋಲು ತಂದರೆ ಏಳು ಅಡಿಯ ಮೇಜನ್ನು ಸುಮಾರು ಹದಿನಾಲ್ಕೂವರೆ ಅಡಿ, ಹನ್ನೊಂದೂಕಾಲು ಅಡಿಯ ಕೋಣೆಯಲ್ಲಿ ಸುಧಾರಿಸಬಹುದು. ಇನ್ನು ಹನ್ನೆರಡು ಅಡಿಯ ಸ್ನೂಕರ್ ಮೇಜಿನ ಮಾತನ್ನು ಬಾಡಿಗೆ ಫ್ಲ್ಯಾಟ್‌ನಲ್ಲಿ ಎತ್ತುವುದೇ ಬೇಡ.

ಈ ಅಳತೆಗಳಲ್ಲಿ ಸೋಫಾ ಇಲ್ಲ, ಊಟದ ಮೇಜಿಲ್ಲ, ಇಸ್ತ್ರಿ ಮಾಡಲು ಮೂಲೆಯಿಲ್ಲ. ಜಾಹೀರಾತಿನಲ್ಲಿ ‘1,100 ಚದರ ಅಡಿ’ ಎಂದಿದ್ದರೂ ಅದರಲ್ಲಿ ಬಾಲ್ಕನಿ ಸೇರಿರಬಹುದು. ಆದ್ದರಿಂದ ಮನೆ ನೋಡಲು ಹೋಗುವಾಗ ಅಳತೆಯ ಟೇಪ್ ಬ್ಯಾಗಿನಲ್ಲಿರಲಿ. ಗೋಡೆಯಿಂದ ಗೋಡೆಗೆ ಅಳೆಯಿರಿ. ಮಧ್ಯದಲ್ಲಿ ಕಂಬ ಬಂದಿದೆಯೇ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದೂ ನೋಡಿ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಮೇಜಿನ ಆಕಾರಕ್ಕೆ ನೆಲದ ಮೇಲೆ ಹಾಸಿ, ಸುತ್ತ ಒಮ್ಮೆ ನಡೆದು ನೋಡಿದರೆ ಯಾವ ನಕ್ಷೆಯೂ ಹೇಳದ ಸತ್ಯ ಕಾಣುತ್ತದೆ. ಏಜೆಂಟ್ ನಕ್ಕರೆ ನಗಲಿ ಬಿಡಿ.

ಈಗ ಹಣದ ಲೆಕ್ಕಕ್ಕೆ ಬನ್ನಿ. 17 ಅಡಿ ಉದ್ದ, 13 ಅಡಿ 4 ಇಂಚು ಅಗಲ ಎಂದರೆ ಸುಮಾರು 226 ಚದರ ಅಡಿ. ಲೆಕ್ಕಕ್ಕಾಗಿ, 1,000 ಚದರ ಅಡಿಯ ಫ್ಲ್ಯಾಟ್‌ಗೆ ವರ್ಷಕ್ಕೆ 80,000 ದಿರ್ಹಮ್ ಬಾಡಿಗೆ ಎಂದು ಇಟ್ಟುಕೊಳ್ಳೋಣ. ಆಗ ಆಟದ ಜಾಗದ ಪಾಲೇ ವರ್ಷಕ್ಕೆ ಸುಮಾರು 18,000 ದಿರ್ಹಮ್. ಆ ಜಾಗದಲ್ಲಿ ಮಕ್ಕಳು ಓಡಾಡಬಹುದು, ನೀವು ನಡೆದು ಹೋಗಬಹುದು, ಪೂರ್ತಿ ವ್ಯರ್ಥವೇನಲ್ಲ. ಆದರೂ ಊರಿನಲ್ಲಿ ಮನೆ ಕಟ್ಟಲು, ಮಗಳ ಕಾಲೇಜಿಗೆ ಎಂದು ಕೂಡಿಡುತ್ತಿರುವ ಹಣದ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ನೋಡಿ. ಎಸಿ ಖರ್ಚೂ ಇದೆ. ಹಾಲ್ ದೊಡ್ಡದಾದಷ್ಟೂ ತಂಪು ಮಾಡುವ ಬಿಲ್ ದೊಡ್ಡದು. ಕೆಲವು ಕಟ್ಟಡಗಳಲ್ಲಿ ಚಿಲ್ಲರ್ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ, ಕೆಲವೆಡೆ ಪ್ರತ್ಯೇಕ ಬಿಲ್ ಬರುತ್ತದೆ. ಕೇಳದೆ ಇದ್ದರೆ ಯಾರೂ ಹೇಳುವುದಿಲ್ಲ.

ಎಂಥ ಮನೆ?

ದುಬೈಯ ಹೊಸ ಗೋಪುರಗಳ ಫ್ಲ್ಯಾಟ್‌ಗಳು ನೋಡಲು ಚೆಂದ, ಆದರೆ ಹಲವು ಕಡೆ ಹಾಲ್ ಮತ್ತು ಅಡುಗೆಮನೆ ಒಂದೇ ಆಗಿರುತ್ತದೆ. ಮೀನು ಹುರಿಯುವ ನಮ್ಮಂಥವರಿಗೆ ಅದೇ ಒಂದು ಸಂಕಟ. ಹಸಿರು ಬಟ್ಟೆಯ ಮೇಜಿಗೂ ಎಣ್ಣೆ ಹೊಗೆ ಆಗದು. ಶಾರ್ಜಾದ ಮತ್ತು ದೇರಾದ ಹಳೆಯ ಕಟ್ಟಡಗಳಲ್ಲಿ ಕೋಣೆಗಳು ವಿಶಾಲ, ಅಡುಗೆಮನೆ ಬೇರೆ. ಶಾರ್ಜಾದಲ್ಲಿ ಬಾಡಿಗೆಯೂ ಕಡಿಮೆ. ಆದರೆ ದುಬೈಯಲ್ಲಿ ಕೆಲಸ ಮಾಡುವ ಪತಿ ದಿನಾಲೂ ಅಲ್ ಇತ್ತಿಹಾದ್ ರಸ್ತೆಯ ವಾಹನಗಳ ಸಾಲಿನಲ್ಲಿ ಕೂರಬೇಕು. ಮಗನ ಜೊತೆ ಆಡಲೆಂದು ತಂದ ಮೇಜಿನ ಬಳಿ ಬರಲು ತಂದೆಗೆ ರಾತ್ರಿ ಒಂಬತ್ತಾದರೆ ಏನು ಬಂತು?

ನನಗೆ ಹೆಚ್ಚು ಹಿಡಿಸಿದ್ದು ಅರಬ್ ಕುಟುಂಬಗಳಿಗಾಗಿ ಕಟ್ಟಿದ ಹಳೆಯ ವಿಲ್ಲಾಗಳ ಒಂದು ಏರ್ಪಾಡು. ಅವುಗಳಲ್ಲಿ ಅತಿಥಿಗಳಿಗೆಂದು ಮಜ್ಲಿಸ್ ಎಂಬ ದೊಡ್ಡ ಕೋಣೆ ಇರುತ್ತದೆ. ಹಲವು ಮನೆಗಳಲ್ಲಿ ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲು. ಮಗನ ಗೆಳೆಯರು ಆ ಬಾಗಿಲಿನಿಂದ ಬಂದು ಆಡಿ ಹೋಗುತ್ತಾರೆ. ಒಳಗೆ ನೀವು, ನಿಮ್ಮ ಮಗಳು, ಊರಿನಿಂದ ಬಂದ ಅತ್ತೆ ದುಪಟ್ಟಾ ಸರಿಪಡಿಸಿಕೊಳ್ಳುತ್ತಾ ಅಡುಗೆಮನೆಯಲ್ಲಿ ಅಡಗಿ ಕೂರಬೇಕಾಗಿಲ್ಲ. ಮೇಜನ್ನು ಹಾಲ್‌ನಲ್ಲಿಟ್ಟ ಫ್ಲ್ಯಾಟ್‌ನಲ್ಲಿ ಹೆಂಗಸರಿಗೆ ಒದಗುವ ದೊಡ್ಡ ಕಷ್ಟ ಇದೇ. ಹುಡುಗರಿಗೆ ಆಟದ ಕೋಣೆ ಸಿಗುತ್ತದೆ, ಮನೆಯ ಹೆಂಗಸರು ತಮ್ಮ ಹಾಲ್ ಕಳೆದುಕೊಳ್ಳುತ್ತಾರೆ. ಈ ವಿಷಯ ಮನೆ ಹುಡುಕುವ ಗಂಡಸರ ತಲೆಗೆ ಹೊಳೆಯುವುದು ಅಪರೂಪ. ನೀವೇ ಬಾಯಿಬಿಟ್ಟು ಹೇಳಬೇಕು. ಇಡೀ ವಿಲ್ಲಾ ಕೈಗೆಟುಕದಿದ್ದರೆ ಇನ್ನೊಂದು ದಾರಿಯಿದೆ. ಕೆಲವು ವಸತಿ ಸಂಕೀರ್ಣಗಳಲ್ಲಿ ಎಲ್ಲರಿಗೂ ಸೇರಿದ ಆಟದ ಕೋಣೆಯಲ್ಲಿ ಪೂಲ್ ಟೇಬಲ್ ಇರುತ್ತದೆ. ನಿಮ್ಮದೇ ಕಟ್ಟಡದ ಕೆಳಮಹಡಿಯಲ್ಲಿ ಮಗನಿದ್ದಾನೆ ಎಂದರೆ ಅರ್ಧ ಚಿಂತೆ ಕಡಿಮೆ. ಬಹುತೇಕ ಕುಟುಂಬಗಳಿಗೆ ಇದೇ ಸರಿಯಾದ ಉತ್ತರವೆಂದು ನನಗನಿಸುತ್ತದೆ.

ಮೇಜು ತರುವುದೇ ನಿಶ್ಚಯವಾದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿ. ಒಳ್ಳೆಯ ಮೇಜಿನಲ್ಲಿ ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲಿರುತ್ತದೆ, ನಾವು ಹಿಂದೆ ಶಾಲೆಗೆ ಒಯ್ಯುತ್ತಿದ್ದ ಸ್ಲೇಟಿನ ಕಲ್ಲೇ. ಎಂಟು ಅಡಿಯ ಅಂಥ ಮೇಜು ಸುಮಾರು 300ರಿಂದ 450 ಕಿಲೋ ತೂಗುತ್ತದೆ. ಕಲ್ಲು ಮೂರು ತುಂಡಾಗಿ ಬರುತ್ತದೆ; ಲಿಫ್ಟ್‌ಗೆ ಹಿಡಿಸುತ್ತದೆಯೇ, ಭಾರದ ಸಾಮಾನು ಸಾಗಿಸಲು ಕಟ್ಟಡದವರ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಬೇಕು. ಅಗ್ಗದ ಮೇಜುಗಳಲ್ಲಿ ಎಂಡಿಎಫ್ ಹಲಗೆ. ಹಗುರ, ಆದರೆ ತೇವ ತಾಗಿದರೆ ಉಬ್ಬುತ್ತದೆ. ಜುಲೈ, ಆಗಸ್ಟ್ ರಜೆಗೆ ಊರಿಗೆ ಬರುವಾಗ ಎಸಿ ಆರಿಸಿ ಬೀಗ ಹಾಕುತ್ತೇವಲ್ಲ, ಕಡಲ ದಡದ ಆ ಊರಿನ ತೇವ ಮುಚ್ಚಿದ ಮನೆಯಲ್ಲಿ ತುಂಬಿಕೊಳ್ಳುತ್ತದೆ. ಹಿಂದಿರುಗಿದಾಗ ಚೆಂಡು ತಾನಾಗಿಯೇ ಒಂದು ಮೂಲೆಗೆ ಉರುಳತೊಡಗಿದರೆ ಆಶ್ಚರ್ಯವಿಲ್ಲ. ಚೆಂಡು ಕೆಳಗೆ ಬಿದ್ದ ಸದ್ದು ಕೆಳಗಿನ ಮನೆಯವರ ತಲೆಯ ಮೇಲೆ ಬಿದ್ದಂತೆಯೇ. ಮೇಜಿನ ಸುತ್ತ ದಪ್ಪ ಕಂಬಳಿ ಹಾಸಿ, ಇಶಾ ನಮಾಝ್ ಆಗಿ ಮಕ್ಕಳು ಮಲಗುವ ಹೊತ್ತಿಗೆ ಆಟ ನಿಲ್ಲಲಿ. ನೆರೆಯವರ ಹಕ್ಕಿನ ಬಗ್ಗೆ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಹಿ ಹಾಕುವ ಮುನ್ನ

ದುಬೈಯಲ್ಲಿ ಬಾಡಿಗೆ ವರ್ಷದ ಲೆಕ್ಕದಲ್ಲಿ, ಮುಂದಿನ ತಾರೀಖಿನ ಚೆಕ್‌ಗಳ ಮೂಲಕ ಸಲ್ಲುವುದು ರೂಢಿ. ಮೇಲಿನ 80,000ದ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಾಲ್ಕು ಚೆಕ್ ಎಂದರೆ ಮೊದಲ ಚೆಕ್ 20,000. ಠೇವಣಿ ಸಾಮಾನ್ಯವಾಗಿ 5 ಶೇಕಡಾ, ಅಂದರೆ 4,000. ಏಜೆಂಟರ ಕಮಿಷನ್ ಇನ್ನೊಂದು 4,000, ಅದರ ಮೇಲೆ ವ್ಯಾಟ್ 200. ನೀರು, ವಿದ್ಯುತ್ ಒದಗಿಸುವ ದೇವಾ ಸಂಸ್ಥೆಗೆ ಫ್ಲ್ಯಾಟ್‌ಗಾದರೆ 2,000, ವಿಲ್ಲಾಗಾದರೆ 4,000 ಠೇವಣಿ. ಒಂದು ಪಾತ್ರೆಯನ್ನೂ ಒಳಗಿಡುವ ಮೊದಲೇ 30,000 ದಾಟಿತು! ಇದಲ್ಲದೆ ವಾರ್ಷಿಕ ಬಾಡಿಗೆಯ 5 ಶೇಕಡಾ ವಸತಿ ಶುಲ್ಕವನ್ನು 12 ಕಂತುಗಳಾಗಿ ದೇವಾ ಬಿಲ್‌ನಲ್ಲೇ ಸೇರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ 333 ದಿರ್ಹಮ್.

ಕರಾರನ್ನು ಇಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲೇಬೇಕು. ಶಾರ್ಜಾದಲ್ಲಾದರೆ ಮುನ್ಸಿಪಾಲಿಟಿಯ ದೃಢೀಕರಣ. ಕುಟುಂಬದ ವೀಸಾಕ್ಕೂ ಆ ಕಾಗದ ಬೇಕಾಗುತ್ತದೆ. ದುಬೈಯ 2007ರ 26ನೇ ಕಾನೂನು ಮತ್ತು ಅದರ 2008ರ ತಿದ್ದುಪಡಿ ಬಾಡಿಗೆದಾರರಿಗೆ ಕೆಲವು ರಕ್ಷಣೆ ಕೊಟ್ಟಿವೆ. ಬಾಡಿಗೆ ಏರಿಸಲು 90 ದಿನ ಮೊದಲು ತಿಳಿಸಬೇಕು. ಮಾರಾಟಕ್ಕೆ ಅಥವಾ ಸ್ವಂತ ವಾಸಕ್ಕೆ ಎಂದು ಮನೆ ಬಿಡಿಸಬೇಕಾದರೆ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ 12 ತಿಂಗಳ ನೋಟಿಸ್ ಕೊಡಬೇಕು. ಶಾರ್ಜಾದ 2024ರ ಕಾನೂನಿನಂತೆ ಬಾಡಿಗೆದಾರ ಒಪ್ಪದ ಹೊರತು ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಭಾರದ ಮೇಜು ಇಟ್ಟು ಮೂರು ವರ್ಷ ನೆಮ್ಮದಿಯಿಂದ ಇರಬೇಕೆನ್ನುವವರಿಗೆ ಇದು ದೊಡ್ಡ ಮಾತು.

ಆದರೆ ಮನೆಯ ರಚನೆಯಲ್ಲಿ ಬದಲಾವಣೆ ಮಾಡಲು ಮಾಲಕರ ಒಪ್ಪಿಗೆ ಬೇಕು. ಮೇಜಿನ ಮೇಲೆ ದೀಪ ತೂಗಿಸಲು ಚಾವಣಿ ಕೊರೆಯುವುದು, ಕೋಲು ನಿಲ್ಲಿಸಲು ಗೋಡೆಗೆ ಮೊಳೆ ಹೊಡೆಯುವುದು ಕೂಡ ಕೊನೆಗೆ ಠೇವಣಿಯಿಂದ ಕಡಿತವಾಗಿ ಬರಬಹುದು. ಪೂಲ್ ಟೇಬಲ್ ಇಡುತ್ತೇವೆಂದು ಕರಾರಿನಲ್ಲೇ ಒಂದು ಸಾಲು ಬರೆಸಿ. ಅವಧಿಗೆ ಮೊದಲು ಕೆಲಸ ಹೋಗಿ ಊರಿಗೆ ಮರಳಬೇಕಾದರೆ ಎಷ್ಟು ತಿಂಗಳ ಬಾಡಿಗೆ ದಂಡ ಎಂಬ ಸಾಲೂ ಇರಲಿ, ಏಕೆಂದರೆ ಒಬ್ಬರ ಇಷ್ಟದಂತೆ ಕರಾರು ಮಧ್ಯದಲ್ಲಿ ಮುರಿಯಲು ದುಬೈ ಕಾನೂನಿನಲ್ಲಿ ಅವಕಾಶವಿಲ್ಲ. ಹಣವಿಲ್ಲದೆ ಚೆಕ್ ಮರಳಿದರೆ ಮೊದಲಿನಂತೆ ನೇರವಾಗಿ ಪೊಲೀಸ್ ಕೇಸ್ ಆಗುವ ಪದ್ಧತಿ 2022ರ ಜನವರಿಯಿಂದ ಬಹುಮಟ್ಟಿಗೆ ನಿಂತಿದೆ. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಚೆಕ್ ಹಿಡಿದು ಮಾಲಕರು ನೇರವಾಗಿ ವಸೂಲಿ ನ್ಯಾಯಾಲಯಕ್ಕೆ ಹೋಗಬಹುದು.

ಇನ್ನೊಂದು ಎಚ್ಚರಿಕೆ. ದೊಡ್ಡ ಹಾಲ್‌ನ ಮನೆ ಹಿಡಿದು, ಬಾಡಿಗೆ ಭಾರವಾದಾಗ ಮಧ್ಯೆ ಹಲಗೆ ಅಡ್ಡ ಹಾಕಿ ಒಂದು ಭಾಗವನ್ನು ಬೇರೆಯವರಿಗೆ ಕೊಡುವ ಅಭ್ಯಾಸ ನಮ್ಮವರಲ್ಲೂ ಇದೆ. ಮಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆ ಕೊಡುವುದು ಮನೆಯಿಂದ ಹೊರಹಾಕಲು ಸಾಕಾದ ಕಾರಣ. 2025ರ ಜೂನ್‌ನಲ್ಲಿ ರಿಗ್ಗ, ಮುರಖ್ಖಬಾತ್, ಸತ್ವಾ ಮುಂತಾದೆಡೆ ಇಂಥ ಅಕ್ರಮ ಅಡ್ಡಗೋಡೆಗಳ ವಿರುದ್ಧ ದುಬೈ ಮುನ್ಸಿಪಾಲಿಟಿ ಕಾರ್ಯಾಚರಣೆ ನಡೆಸಿತು. ಆಗ ಸಾಮಾನು ಹೊತ್ತು ಬೀದಿಗೆ ಬಂದವರ ಕಷ್ಟ ನೆನಪಿರಲಿ. ಮೇಜಿಗೆಂದು ಹೆಚ್ಚು ಜಾಗ ಹಿಡಿಯುವಾಗ ಆ ಬಾಡಿಗೆ ನಿಮ್ಮ ಸಂಬಳದಿಂದಲೇ ಹುಟ್ಟಬೇಕು, ಇನ್ನೊಬ್ಬರ ಪಾಲಿನಿಂದಲ್ಲ.

ಕೀಲಿ ಪಡೆದ ದಿನವೇ ಪ್ರತಿ ಕೋಣೆಯ ಗೋಡೆ, ನೆಲ, ಬಾಗಿಲುಗಳ ಫೋಟೋ ತೆಗೆದು ಮಾಲಕರಿಗೂ ಏಜೆಂಟರಿಗೂ ಕಳುಹಿಸಿಡಿ. ಭಾರದ ಮೇಜಿನ ಕಾಲಿನಡಿ ಟೈಲ್ ಬಿರುಕು ಬಿಟ್ಟಿತೇ, ಮೊದಲೇ ಬಿಟ್ಟಿತ್ತೇ ಎಂಬ ಜಗಳಕ್ಕೆ ಅದೇ ಸಾಕ್ಷಿ. ಮನೆ ಬಿಡುವ ಸಮಯ ಬಂದರೆ ಎರಡು ತಿಂಗಳು ಮೊದಲೇ ಮೇಜು ಮಾರಾಟಕ್ಕಿದೆ ಎಂದು ಪರಿಚಿತರಿಗೆ ತಿಳಿಸಿ. ಕೊನೆಯ ವಾರದಲ್ಲಿ ಕೊಳ್ಳುವವರು ಕೇಳಿದ ಬೆಲೆಗೇ ಕೊಟ್ಟು ಬರಬೇಕಾಗುತ್ತದೆ. ಕಲ್ಲು ಬಿಚ್ಚಿ ಸಾಗಿಸಿ, ಹೊಸ ಜಾಗದಲ್ಲಿ ಮಟ್ಟಸ ಮಾಡಿ ಬಟ್ಟೆ ಬಿಗಿಯಲು ಬರುವ ಕೆಲಸಗಾರರ ಕೂಲಿ ಯಾರು ಕೊಡಬೇಕೆಂದು ಬೆಲೆಯ ಮಾತಿನ ಜೊತೆಗೇ ತೀರ್ಮಾನ ಮಾಡಿಕೊಳ್ಳಿ.