ಗಣಕಯಂತ್ರದ ಕಡತ

ಕಡತವೆಂಬ ಶಬ್ದವು ಇಂದು ಕಚೇರಿಯ ಕಾಗದಪತ್ರಗಳ ಕಟ್ಟನ್ನು ಸೂಚಿಸುತ್ತದೆ. ಪೂರ್ವದಲ್ಲಿ ಅದು ಅರಿವೆಯ ಪುಸ್ತಕವಾಗಿತ್ತು. ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಸುಪರಿಚಿತವಾಗಿವೆ. ಬರೆದುದನ್ನು ಅಳಿಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯಬಹುದಾದದ್ದು ಈ ಕಡತದ ಗುಣವೂ ಹೌದು, ದೋಷವೂ ಹೌದು. ಗಣಕಯಂತ್ರದ ಫೈಲಿಗೆ ಕನ್ನಡಿಗರು ಕಡತವೆಂದೇ ಹೆಸರಿಟ್ಟುದು ಈ ದೃಷ್ಟಿಯಿಂದ ಅತ್ಯಂತ ಉಚಿತವಾಗಿದೆ.

ಈ ಮಾತು ನನಗೆ ಗ್ರಂಥದಿಂದಲ್ಲ, ಅನುಭವದಿಂದ ತಿಳಿಯಿತು. ಐವತ್ತು ದಾಟಿದ ಮೇಲೆ ಕೀಲಿಮಣೆಯ ಮುಂದೆ ಕುಳಿತವನು ನಾನು. ಹಳೆಯ ವಿದ್ಯಾರ್ಥಿಗಳ ಯಾದಿಯನ್ನು ಸಿದ್ಧಪಡಿಸುವಾಗ, ಹಿಂದೆ ಬರೆದಿಟ್ಟಿದ್ದ ಒಂದು ವರ್ಷದ ಯಾದಿಯನ್ನು ತೆರೆದು, ಅಲ್ಲಿಯ ಹೆಸರುಗಳನ್ನು ತೆಗೆದು, ಮರುವರ್ಷದ ಹೆಸರುಗಳನ್ನು ತುಂಬಿ, ಉಳಿಸುವ ಗುಂಡಿಯನ್ನು ಒತ್ತಿದೆನು. ಹೊಸ ಯಾದಿ ಸಿದ್ಧವಾಯಿತು, ಹಳೆಯದು ಇಲ್ಲವಾಯಿತು. ಪ್ರವೇಶದ ರಜಿಸ್ಟರು ಕಪಾಟಿನಲ್ಲಿ ಇದ್ದುದರಿಂದ ಮಾತ್ರ ಅದನ್ನು ಮರಳಿ ಬರೆಯಲು ಸಾಧ್ಯವಾಯಿತು. ರಾಯಬಾಗದಿಂದಲೋ ಅಥಣಿಯಿಂದಲೋ ನಿವೃತ್ತಿಯ ಹೊತ್ತಿನಲ್ಲಿ ಜನ್ಮದಿನಾಂಕದ ದಾಖಲೆಯನ್ನು ಕೇಳಿ ಬರುವ ಹಳೆಯ ವಿದ್ಯಾರ್ಥಿಗೆ ಅಂಥ ಒಂದು ಸಾಲು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಶಿಕ್ಷಕರಿಗೆ ಹೇಳಬೇಕಾಗಿಲ್ಲ.

ಆದುದರಿಂದ ಹೊಸದಾಗಿ ಕಲಿಯುವವರು ಮೊದಲು ತಿಳಿಯತಕ್ಕ ಭೇದವಿದು. 'ಸೇವ್' ಎಂಬುದು ತೆರೆದ ಕಡತದ ಮೇಲೆಯೇ ಬರೆಯುತ್ತದೆ. 'ಸೇವ್ ಆ್ಯಸ್' ಎಂಬುದು ಹಳೆಯದನ್ನು ಹಾಗೆಯೇ ಬಿಟ್ಟು ಬೇರೆ ಹೆಸರಿನ ಹೊಸ ಕಡತವನ್ನು ಮಾಡುತ್ತದೆ. ಹಳೆಯದನ್ನು ಮಾದರಿಯಾಗಿಟ್ಟುಕೊಂಡು ಕೆಲಸಕ್ಕೆ ತೊಡಗುವಾಗ, ಒಂದಕ್ಷರವನ್ನು ತಿದ್ದುವ ಮೊದಲೇ ಎರಡನೆಯ ಕ್ರಮವನ್ನು ಅನುಸರಿಸಬೇಕು. ಅನಂತರ ವಿದ್ಯುತ್ತು ಹೋದರೂ ನಷ್ಟವಾಗದಂತೆ, ಆಗಾಗ್ಗೆ ಕಂಟ್ರೋಲ್ ಕೀಲಿಯನ್ನು ಹಿಡಿದು ಎಸ್ ಅಕ್ಷರವನ್ನು ಒತ್ತುತ್ತಿರಬೇಕು.

ಎರಡನೆಯದು ಸ್ಥಾನನಿರ್ಣಯ. ನಮ್ಮ ಭಾಗದ ಹಳೆಯ ದಫ್ತರಗಳಲ್ಲಿ ಕಾಗದಗಳನ್ನು ರುಮಾಲಿನಲ್ಲಿ ಕಟ್ಟಿ ಕಪಾಟಿನಲ್ಲಿಡುತ್ತಿದ್ದರು. ಗಣಕಯಂತ್ರದಲ್ಲಿ ರುಮಾಲಿನ ಸ್ಥಾನ ಫೋಲ್ಡರಿನದು. ಶಾಲೆಯ ಹೆಸರಿನದೊಂದು ಫೋಲ್ಡರು, ಅದರೊಳಗೆ ವರ್ಷದ್ದು, ಅದರೊಳಗೆ ಪ್ರವೇಶ, ಪರೀಕ್ಷೆ, ದೇಣಿಗೆ ಎಂದು ವಿಷಯವಾರು. ಕಡತಕ್ಕೆ 'ಹೊಸದು', 'ಕೊನೆಯದು' ಎಂಬ ಹೆಸರುಗಳು ಸಲ್ಲವು. ನಾಳೆ ಅದು ಹೊಸದಾಗಿಯೂ ಕೊನೆಯದಾಗಿಯೂ ಉಳಿಯುವುದಿಲ್ಲ. ವರ್ಷ, ತಿಂಗಳು, ದಿನಗಳನ್ನು ಈ ಕ್ರಮದಲ್ಲಿ ಮೊದಲಿಟ್ಟು ವಿಷಯವನ್ನು ಅನಂತರ ಬರೆದರೆ, ಹೆಸರುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಮೂರನೆಯದು ಲಿಪಿಯ ವಿಚಾರ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಬರೆಹವು ಅರ್ಥಹೀನ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವಂತ ಸಂಖ್ಯೆ ದೊರೆಯಿತು. ನಿಪ್ಪಾಣಿ, ಕಾಗವಾಡ, ಚಿಕ್ಕೋಡಿಗಳಂಥ ಗಡಿಭಾಗದಲ್ಲಿ ಇದರ ಪ್ರಯೋಜನ ಅಧಿಕ. ಕನ್ನಡದ ಹೆಸರನ್ನೂ, ದೇವನಾಗರಿಯಲ್ಲಿ ಬರೆದ ಮರಾಠಿ ಅಡ್ಡಹೆಸರನ್ನೂ ಒಂದೇ ಕಡತದಲ್ಲಿ ಕೆಡದಂತೆ ಇರಿಸಬಹುದು.

ಕೊನೆಯದಾಗಿ, ಒಂದೇ ಪ್ರತಿಯನ್ನು ನಂಬಲಾಗದು. ಯಂತ್ರದಲ್ಲಿ ಅಳಿಸಿದ ಕಡತವು ಸಾಮಾನ್ಯವಾಗಿ 'ರೀಸೈಕಲ್ ಬಿನ್' ಎಂಬಲ್ಲಿ ದೊರೆತೀತು. ಪೆನ್‌ಡ್ರೈವಿನಿಂದ ಅಳಿಸಿದುದು ಪ್ರಾಯಶಃ ಅಲ್ಲಿಗೂ ಹೋಗುವುದಿಲ್ಲ. ಒಂದು ಪ್ರತಿ ಯಂತ್ರದಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರತಕ್ಕದ್ದು. ಮೂಲ ರಜಿಸ್ಟರನ್ನಂತೂ ಎಂದಿಗೂ ರದ್ದಿಗೆ ಹಾಕಲಾಗದು.

ದಾನಿಗಳು ಯಂತ್ರವನ್ನು ಕೊಡಬಲ್ಲರು. ಅದರೊಳಗಿನ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು. ಬಳಪ ಹಿಡಿದು ಅಕ್ಷರ ತಿದ್ದಿದ ಕೈಗಳಿಗೆ ಇದು ಕಠಿಣವಾದ ವಿದ್ಯೆಯೇನೂ ಅಲ್ಲ.