61 ಕೀಗಳ ಕೀಬೋರ್ಡಿಗೆ ವಾದಕರ ಬೇಡಿಕೆ

ಹಿಂದೆ ಹಾರ್ಮೋನಿಯಂ ಇರುತ್ತಿದ್ದ ಎಷ್ಟೋ ಜಾಗಗಳಲ್ಲಿ ಈಗ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ಕೂತಿದೆ. ಸುಗಮ ಸಂಗೀತದ ತರಗತಿ, ಗಣೇಶೋತ್ಸವದ ವಾದ್ಯಗೋಷ್ಠಿ, ಚರ್ಚಿನ ಗಾಯನ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಎಲ್ಲ ಕಡೆಯೂ ಇದರದೇ ಓಡಾಟ. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದಾದಷ್ಟು ಹಗುರ. ಬಹುಪಾಲು ಮಾದರಿಗಳು ಕರೆಂಟ್ ಹೋದರೆ ಸೆಲ್ಲಿನಲ್ಲೂ ನುಡಿಯುತ್ತವೆ. ಈ ದರ್ಜೆಯಲ್ಲಿ ಯಮಹಾ ಮತ್ತು ಕ್ಯಾಸಿಯೊ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಹೊಸ ಮಾದರಿ ತರುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಟೋನ್‌ಗಳ ಸಂಖ್ಯೆ ಏರುತ್ತಲೇ ಇದೆ. ವಾದಕರ ಪಟ್ಟಿಯಲ್ಲಿ ಮಾತ್ರ ಆ ಸಂಖ್ಯೆಗೆ ಕೊನೆಯ ಜಾಗ.

ಕ್ಯಾಲ್ಕುಲೇಟರ್ ಮಾಡುತ್ತಿದ್ದ ಕ್ಯಾಸಿಯೊ 1980ರಲ್ಲಿ ಕ್ಯಾಸಿಯೊಟೋನ್ 201 ಎಂಬ ಕೀಬೋರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಹೊತ್ತಿಗೇ ಯಮಹಾದ ಪೋರ್ಟಾಸೌಂಡ್ ಕೂಡ ಬಂತು. ಮನೆಮಂದಿಯ ಕಾಲಕ್ಷೇಪಕ್ಕೆಂದು ಹುಟ್ಟಿದ ಈ ವಾದ್ಯಗಳು ವೃತ್ತಿಪರರ ಕೈಗೂ ಬೇಗ ಸೇರಿದವು. ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನೊಳಗಿದ್ದ ಒಂದು ರಾಕ್ ರಿದಮ್ಮನ್ನು ರೂಪಿಸಿದವರು ಒಕುಡಾ ಹಿರೊಕೊ ಎಂಬ ಯುವತಿ. ಜಮೈಕಾದ ಗಾಯಕ ವೇಯ್ನ್ ಸ್ಮಿತ್ 1985ರಲ್ಲಿ ಅದೇ ರಿದಮ್ ಇಟ್ಟುಕೊಂಡು 'ಅಂಡರ್ ಮಿ ಸ್ಲೆಂಗ್ ಟೆಂಗ್' ಹಾಡಿದ. ಆ ದ್ವೀಪದ ರೆಗೆ ಸಂಗೀತ ಅಲ್ಲಿಂದ ಎಲೆಕ್ಟ್ರಾನಿಕ್ ದಾರಿಗೆ ಹೊರಳಿತು. ಅಗ್ಗದ ವಾದ್ಯದೊಳಗೆ ತಯಾರಕರು ಏನು ತುಂಬುತ್ತಾರೆ ಎಂಬುದು ಕ್ಷುಲ್ಲಕ ಸಂಗತಿಯಲ್ಲ.

ಭಾರತೀಯ ಸಂಗೀತಗಾರರ ಮೊದಲ ಬೇಡಿಕೆ ಗಮಕದ್ದು. ತೋಡಿಯ ಗಾಂಧಾರ ಒಂದು ಕೀಯ ಮೇಲೆ ನಿಲ್ಲುವ ಸ್ವರವಲ್ಲ. ಅದು ರಿಷಭ ಮತ್ತು ಮಧ್ಯಮಗಳ ನಡುವೆ ತೂಗಾಡುತ್ತದೆ. ಕೀ ಒತ್ತಿದರೆ ಬರುವುದು ನೆಟ್ಟಗಿನ ಒಂದೇ ಸ್ವರ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರ ಇಟ್ಟಿತ್ತು. ಹಾರ್ಮೋನಿಯಮ್ಮಿಗೆ ಇಲ್ಲದ ಒಂದು ಅನುಕೂಲ ಕೀಬೋರ್ಡಿಗೆ ಇದೆ: ಎಡಬದಿಯ ಪಿಚ್ ಬೆಂಡ್ ಚಕ್ರ. ಬಲಗೈ ಕೀ ಹಿಡಿದಿರುವಾಗ ಎಡಗೈ ಆ ಚಕ್ರವನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸ್ವರ ಜಾರುತ್ತದೆ. ಕೈಬಿಟ್ಟರೆ ಚಕ್ರ ತಾನಾಗಿ ನಡುವಿಗೆ ಮರಳುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಪೂರ್ಣ ಕರ್ನಾಟಕ ಸಂಗೀತ ಕಚೇರಿ ನಡೆಸಿ, ಈ ವಾದ್ಯದಿಂದ ಗಮಕ ಹೊರಡಿಸಬಹುದೆಂದು ತೋರಿಸಿಕೊಟ್ಟಿದ್ದಾರೆ.

ಕಲಿಯುವವರು ಮೊದಲು ಕೊಳ್ಳುವ ಹಲವು ಮಾದರಿಗಳಲ್ಲಿ ಈ ಚಕ್ರವೇ ಇಲ್ಲದಿರುವುದು ದೊಡ್ಡ ಕೊರತೆ. ಯಮಹಾದ ಪಿಎಸ್‌ಆರ್-ಇ373ರಲ್ಲಿ 622 ಟೋನ್‌ಗಳಿವೆ, ಪಿಚ್ ಬೆಂಡ್ ಇಲ್ಲ. ಚಕ್ರ ಬೇಕೆಂದರೆ ಅದಕ್ಕಿಂತ ದುಬಾರಿಯಾದ ಇ473ಕ್ಕೆ ಹೋಗಬೇಕು. ಆರುನೂರು ಟೋನ್‌ಗಳಲ್ಲಿ ಅರ್ಧದಷ್ಟನ್ನು ಬಿಟ್ಟಾದರೂ ಒಂದು ಚಕ್ರ ಕೂರಿಸುವುದು ನಮ್ಮ ಸಂಗೀತದ ವಿದ್ಯಾರ್ಥಿಗೆ ನಿಜವಾದ ಉಪಕಾರ. ಚಕ್ರ ಇರುವಲ್ಲಿಯೂ ಸುಧಾರಣೆಗೆ ಜಾಗವಿದೆ. ಒಂದೇ ಟೋನಿನಲ್ಲಿ ಷಡ್ಜವನ್ನು ಹಿಡಿದಿಟ್ಟುಕೊಂಡು ಗಾಂಧಾರವನ್ನು ತೂಗಿಸಹೋದರೆ ಷಡ್ಜವೂ ಅದರ ಜೊತೆಗೇ ಜಾರುತ್ತದೆ. ಕೊನೆಗೆ ಒತ್ತಿದ ಸ್ವರ ಮಾತ್ರ ಬಾಗುವಂತಿರಲಿ ಎಂಬುದು ವಾದಕರ ಆಸೆ.

ಶ್ರುತಿಯ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ಭಾಗವತರು ಕಪ್ಪು ಎರಡಕ್ಕೆ ಹಾಡಲಿ, ಬಿಳಿ ಐದಕ್ಕೆ ಹಾಡಲಿ, ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಕೀಬೋರ್ಡನ್ನು ಅಲ್ಲಿಗೆ ಕೂರಿಸಬಹುದು. ತಬಲಾ ಎರಡು ಮನೆಗಳ ನಡುವೆ ನಿಂತಿದ್ದರೆ ಸೂಕ್ಷ್ಮ ಟ್ಯೂನಿಂಗ್‌ನಿಂದ ಅದನ್ನೂ ಸರಿಹೊಂದಿಸಬಹುದು. ಬಗೆಹರಿಯದೆ ಉಳಿಯುವುದು ಸ್ವರಗಳ ನಡುವಿನ ಅಂತರ. ಕೀಬೋರ್ಡ್ ಒಂದು ಸ್ಥಾಯಿಯನ್ನು 12 ಸಮಭಾಗ ಮಾಡಿ, ಒಂದೊಂದಕ್ಕೆ 100 ಸೆಂಟ್ ಕೊಡುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿದ್ದರೆ, ಕೀಬೋರ್ಡಿನ ಗಾಂಧಾರ 400ರಲ್ಲಿದೆ. 14 ಸೆಂಟಿನ ಈ ಏರು ತಂಬೂರಿಗೆ ಪಳಗಿದ ಕಿವಿಗೆ ಚುಚ್ಚುತ್ತದೆ. ಸ್ವರಸ್ವರವನ್ನೂ ಬೇರೆಬೇರೆಯಾಗಿ ತಿದ್ದಬಲ್ಲ ಸ್ಕೇಲ್ ಟ್ಯೂನಿಂಗ್ ಮೇಲಿನ ದರ್ಜೆಯ ಕೀಬೋರ್ಡುಗಳಲ್ಲಿದೆ. ಅದು ಲೆಕ್ಕಾಚಾರದ ಕೆಲಸವಾದ್ದರಿಂದ ಹೊಸ ಬಿಡಿಭಾಗವನ್ನೇನೂ ಬೇಡುವುದಿಲ್ಲ. ಅಗ್ಗದ ಮಾದರಿಗೆ ಇಳಿಸಲು ತಯಾರಕರು ಮನಸ್ಸು ಮಾಡಬೇಕಷ್ಟೆ.

ತಾಳದ ಕಡೆ ಒಂದಿಷ್ಟು ಪ್ರಗತಿ ಆಗಿದೆ. ಭಾರತಕ್ಕೆಂದೇ ತಯಾರಾದ ಯಮಹಾ ಪಿಎಸ್‌ಆರ್-ಐ500, ಕ್ಯಾಸಿಯೊ ಸಿಟಿ-ಎಕ್ಸ್870ಐಎನ್ ಮಾದರಿಗಳಲ್ಲಿ ನಮ್ಮ ವಾದ್ಯಗಳ ನಾದವೂ ನಮ್ಮ ಲಯಗಳೂ ಇವೆ. ಐ500ರ ರಿಯಾಜ್ ವ್ಯವಸ್ಥೆ ತಾಳ, ತಂಬೂರಿ ಎರಡನ್ನೂ ಒಟ್ಟಿಗೆ ನುಡಿಸುತ್ತದೆ. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಇದು ಬಹಳ ಉಪಯುಕ್ತ. ಸಾಮಾನ್ಯ ಮಾದರಿಗಳ ರಿದಮ್‌ಗಳು ಹೆಚ್ಚಾಗಿ ನಾಲ್ಕು ಅಥವಾ ಮೂರು ಎಣಿಕೆಯವು. ಆದಿತಾಳ ಹೇಗೋ ಹೊಂದಿಕೊಳ್ಳುತ್ತದೆ, ಏಳು ಎಣಿಕೆಯ ಮಿಶ್ರಚಾಪು, ಐದರ ಖಂಡಚಾಪು ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಡೊಳ್ಳು, ತಮಟೆ, ಚೆಂಡೆಯ ನಾದವೂ ಬೇಕೆಂಬುದು ಕನ್ನಡದ ವಾದ್ಯಗೋಷ್ಠಿಗಳ ಬಯಕೆ.

ಕೀಬೋರ್ಡಿನ ಆಯಸ್ಸು ನಿರ್ಧಾರವಾಗುವುದು ಕೀಗಳ ಅಡಿಯಲ್ಲಿ. ಟಚ್ ಇರುವ ಮಾದರಿಗಳಲ್ಲಿ ಪ್ರತಿ ಕೀಯ ಕೆಳಗೂ ರಬ್ಬರಿನ ಒಂದು ಗುಬ್ಬಿ, ಅದರೊಳಗೆ ಇಂಗಾಲ ಲೇಪಿಸಿದ ಎರಡು ಪುಟ್ಟ ಬಿಲ್ಲೆಗಳು ಇರುತ್ತವೆ. ಬೆರಳು ಒತ್ತಿದಾಗ ಒಂದು ಬಿಲ್ಲೆ ಮೊದಲು, ಇನ್ನೊಂದು ಕ್ಷಣದ ಸಣ್ಣ ಭಾಗದಷ್ಟು ತಡವಾಗಿ ಕೆಳಗಿನ ಸರ್ಕ್ಯೂಟ್ ಹಲಗೆಗೆ ತಾಗುತ್ತದೆ. ಆ ಎರಡು ಸ್ಪರ್ಶಗಳ ನಡುವಿನ ಸಮಯವನ್ನು ವಾದ್ಯ ಅಳೆಯುತ್ತದೆ: ಸಮಯ ಕಡಿಮೆಯಾದರೆ ಹೊಡೆತ ಜೋರು, ಹೆಚ್ಚಾದರೆ ಮೆದು. ಮಳೆಗಾಲದ ತೇವ, ವೇದಿಕೆಯ ದೂಳು ಬಿಲ್ಲೆಯ ಮೇಲೆ ಕೂತಾಗ ಈ ಅಳತೆ ಕೆಡುತ್ತದೆ. ಕೀ ಒಮ್ಮೆ ಮೂಕವಾಗುತ್ತದೆ, ಇನ್ನೊಮ್ಮೆ ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ಹಲವು ಸಲ ಕೆಟ್ಟಿರುವುದು ಚಿಪ್ ಅಲ್ಲ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಆದರೆ ಅಲ್ಲಿಗೆ ತಲುಪಲು ಹತ್ತಾರು ಸ್ಕ್ರೂ ಬಿಚ್ಚಿ, ಒಳಗಿನದೆಲ್ಲವನ್ನೂ ಹೊರತೆಗೆಯಬೇಕು. ಸುಲಭವಾಗಿ ಬಿಚ್ಚುವ ಕವಚ, ಜಿಲ್ಲಾ ಕೇಂದ್ರಗಳಲ್ಲೂ ಸಿಗುವ ರಬ್ಬರ್ ಪಟ್ಟಿ, ಇವೆರಡು ಸಿಕ್ಕರೆ ಎಷ್ಟೋ ಕೀಬೋರ್ಡುಗಳು ಅಟ್ಟ ಸೇರುವುದು ತಪ್ಪುತ್ತದೆ.

ವೇದಿಕೆಯಲ್ಲಿ ನುಡಿಸುವವರ ತಕರಾರು ಹಿಂಬದಿಯ ಜ್ಯಾಕುಗಳ ಬಗ್ಗೆ. ಕೆಳದರ್ಜೆಯ ಮಾದರಿಗಳಲ್ಲಿ ಹೆಡ್‌ಫೋನಿಗೂ ಮಿಕ್ಸರಿಗೂ ಒಂದೇ ಕಿಂಡಿ. ಅದಕ್ಕೆ ವೈರ್ ಚುಚ್ಚಿದ ಕೂಡಲೇ ವಾದ್ಯದ ಸ್ಪೀಕರ್ ಬಂದಾಗಿ, ವಾದಕನಿಗೆ ತನ್ನ ನುಡಿಸಾಣಿಕೆಯೇ ಕೇಳದಂತಾಗುತ್ತದೆ. ಒಂದೇ ಸಲಕ್ಕೆ ಎಷ್ಟು ಸ್ವರ ನುಡಿಯಬಲ್ಲದು ಎಂಬ ಮಿತಿಯೂ ಇದೆ. ಇ373ರಲ್ಲಿ ಅದು 48. ಹಿನ್ನೆಲೆಯ ರಿದಮ್ಮೂ ಇದರಲ್ಲಿ ಪಾಲು ಕೇಳುವುದರಿಂದ ಪೆಡಲ್ ಒತ್ತಿ ನುಡಿಸುವಾಗ ಹಳೆಯ ಸ್ವರಗಳು ನಡುವೆಯೇ ಕಡಿದುಹೋಗಬಹುದು.

ಕೊಂಡ ಮೇಲೆ ವಾದ್ಯಕ್ಕೆ ಹೊಸದನ್ನು ಸೇರಿಸಲು ಸಾಧ್ಯವೇ ಎಂಬುದು ಉಳಿದ ಪ್ರಶ್ನೆ. ಅಗ್ಗದ ಕೀಬೋರ್ಡಿನ ಟೋನ್‌ಗಳು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಅಚ್ಚಾಗಿ ಬರುತ್ತವೆ. ಹೊಸ ನಾದ ತುಂಬಲು ಬರೆಯಬಲ್ಲ ಮೆಮೊರಿ ಬೇಕು. ಯಮಹಾದ ದುಬಾರಿ ಪಿಎಸ್‌ಆರ್-ಎಸ್‌ಎಕ್ಸ್ ಸಾಲಿನಲ್ಲಿ ಹೊಸ ನಾದಗಳ ಪ್ಯಾಕ್ ಹಾಕಿಕೊಳ್ಳಬಹುದು. ಅದರ ಒಂದು ಸಣ್ಣ ಪಾಲಾದರೂ ಕೆಳಗಿನ ದರ್ಜೆಗೆ ಬರಲಿ, ಕನಿಷ್ಠ ಹೊಸ ರಿದಮ್‌ಗಳನ್ನಾದರೂ ಪೆನ್‌ಡ್ರೈವ್‌ನಿಂದ ತುಂಬಲು ಬರಲಿ ಎಂಬುದು ನ್ಯಾಯವಾದ ಕೋರಿಕೆ. ಸದ್ಯಕ್ಕಿರುವ ದಾರಿ ಯುಎಸ್‌ಬಿ ವೈರ್. 1983ರಲ್ಲಿ ಬಂದ ಮಿಡಿ ಪದ್ಧತಿಯ ಸಂಕೇತಗಳನ್ನು ಅದರ ಮೂಲಕ ಕಂಪ್ಯೂಟರಿಗೆ ಕಳಿಸಿ, ಅಲ್ಲಿರುವ ನಾದಗಳನ್ನು ಇದೇ ಕೀಗಳಿಂದ ನುಡಿಸಬಹುದು.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಡೆಮೊ ಹಾಡು ಕೇಳಿ ಮರುಳಾಗಬಾರದು. ಪಿಚ್ ಬೆಂಡ್ ಇದೆಯೇ, ಟಚ್ ಇದೆಯೇ, ಮಿಕ್ಸರಿಗೆ ಬೇರೆ ಜ್ಯಾಕ್ ಇದೆಯೇ, ರಿಪೇರಿ ಎಲ್ಲಿ ಮಾಡುತ್ತಾರೆ ಎಂದು ಮೊದಲು ಕೇಳಲಿ. ಟೋನ್ ಎಷ್ಟು ಎಂಬ ವಿಚಾರಣೆ ಆಮೇಲೆ.